ಹಳೇ ಮನೆಯಲ್ಲಿ ಎಸಿ, ಹೀಟರ್ ಕೈಕೊಟ್ಟರೆ: ಯಂತ್ರಕ್ಕಿಂತ ಮೊದಲು ಮನೆಯನ್ನು ನೋಡಿ

ನಾನು ಮೊದಲಿದ್ದ ಹಳೇ ಮನೆಯಲ್ಲಿ ಎಸಿ ಹಾಕಿದರೆ ಇಪ್ಪತ್ತು ನಿಮಿಷಕ್ಕೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ಬೀಳುತ್ತಿತ್ತು. ಬೆಳಗ್ಗೆ ಹಾಕಿದರೂ ಇಪ್ಪತ್ತು, ರಾತ್ರಿ ಹಾಕಿದರೂ ಇಪ್ಪತ್ತು. ನೋಡಲು ಬಂದವರು ಕಂಪ್ರೆಸರ್ (ಎಸಿ ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟಾರು) ಹೋಗಿದೆ, ಹೊಸ ಎಸಿ ಹಾಕಿಸಿಬಿಡಿ ಎಂದರು. ಹಾಕಿಸಿದೆ. ಅದಕ್ಕೂ ಇಪ್ಪತ್ತೇ ನಿಮಿಷ! ಆಮೇಲೆ ಕರೆಸಿದ ಎಲೆಕ್ಟ್ರಿಷಿಯನ್ ಎಸಿ ಕಡೆ ತಿರುಗಿಯೂ ನೋಡಲಿಲ್ಲ. ಮೇನ್ ಆಫ್ ಮಾಡಿ, ಎಂಸಿಬಿ ಡಬ್ಬಿಯ ಮುಚ್ಚಳ ಬಿಚ್ಚಿ, ಟಾರ್ಚ್ ಬಿಟ್ಟು ತೋರಿಸಿದರು. ಹಳೇ ಅಲ್ಯೂಮಿನಿಯಂ ವೈರಿಗೆ ಒಂದು ತುಂಡು ತಾಮ್ರದ ವೈರನ್ನು ಸುಮ್ನೆ ತಿರುಚಿ, ಟೇಪು ಸುತ್ತಿ, ಎಂಸಿಬಿಗೆ ಸಿಕ್ಕಿಸಿದ್ದರು. ಟೇಪು ಕರಗಿ ಕಂದು ಅಂಟಾಗಿತ್ತು. ಎಂಸಿಬಿಯ ಸ್ಕ್ರೂ ಬೆರಳಲ್ಲೇ ತಿರುಗುವಷ್ಟು ಸಡಿಲ.

ಆ ಹಳೇ ಎಸಿಗೆ ಏನೂ ಆಗಿರಲಿಲ್ಲ. ಅದನ್ನು ಕೊಟ್ಟಾಗಿತ್ತು, ಬಿಡಿ.

ಅಂದಿನಿಂದ ನನ್ನದು ಒಂದೇ ಪಾಠ. ಹಳೇ ಮನೆಯಲ್ಲಿ ಎಸಿಯೋ ಹೀಟರೋ ಸರಿಯಾಗಿ ಕೆಲಸ ಮಾಡದಿದ್ದರೆ, ಯಂತ್ರ ಕೆಟ್ಟಿದೆ ಎಂದುಕೊಳ್ಳುವ ಮುಂಚೆ ಅದರ ಸುತ್ತ ಇರುವ ಮನೆಯನ್ನು ನೋಡಬೇಕು. ಅಂದರೆ ವೈರು, ಗೋಡೆ, ಚಾವಣಿ, ಕಿಟಕಿ ಸಂದು, ನೀರು ಹೋಗುವ ಪೈಪು. ಕೆಳಗೆ ಒಂದೊಂದು ತೊಂದರೆಯನ್ನೂ ಈ ಕ್ರಮದಲ್ಲಿ ನೋಡೋಣ: ಕಣ್ಣಿಗೆ ಕಾಣುವ ಲಕ್ಷಣ ಮೊದಲು, ಕಾಸು ಖರ್ಚಿಲ್ಲದ ಪರೀಕ್ಷೆ ಆಮೇಲೆ, ಬಿಚ್ಚುವ ಕೆಲಸ ಕೊನೆಗೆ.

ಕೈ ಹಾಕುವ ಮುಂಚೆ

ರಿಮೋಟ್‌ನಲ್ಲಿ ಆಫ್ ಮಾಡಿದರೆ ಎಸಿಗೆ ಕರೆಂಟು ನಿಲ್ಲುವುದಿಲ್ಲ. ಮುಚ್ಚಳ ತೆಗೆಯುವುದಿದ್ದರೆ ಎಂಸಿಬಿಯನ್ನೇ ಇಳಿಸಿ, ಇಳಿಸಿದ್ದು ಮನೆಯವರಿಗೆಲ್ಲ ಗೊತ್ತಿರಲಿ. ಹೊರಗಿನ ಯೂನಿಟ್‌ನ ಒಳಗೆ ಕೆಪಾಸಿಟರ್ ಎಂಬ ಡಬ್ಬಿ ಇರುತ್ತದೆ, ಅದು ಕರೆಂಟು ತೆಗೆದ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡು ಜೋರಾಗಿ ಹೊಡೆಯುತ್ತದೆ. ಹಾಗಾಗಿ ಹೊರಗಿನ ಯೂನಿಟ್‌ನ ವೈರಿಂಗ್ ಮುಚ್ಚಳ ನಮ್ಮ ಕೆಲಸ ಅಲ್ಲ. ತಂಪು ಮಾಡುವ ಗ್ಯಾಸಿನ ಪೈಪೂ ಅಷ್ಟೇ. ಫಿಲ್ಟರ್, ಡ್ರೈನ್ ಪೈಪಿನ ತುದಿ, ಹೊರಗಿನ ಕಾಯಿಲ್‌ನ (ಗ್ಯಾಸ್ ಹರಿಯುವ ಸುರುಳಿ ಪೈಪು) ಮೇಲಿನ ಧೂಳು, ಇವಿಷ್ಟಕ್ಕೆ ಧೈರ್ಯವಾಗಿ ಕೈ ಹಾಕಬಹುದು.

ಆನ್ ಆಗುವುದೇ ಇಲ್ಲ

ನಗಬೇಡಿ, ಮೊದಲು ರಿಮೋಟ್ ಸೆಲ್. ಮೊಬೈಲ್ ಕ್ಯಾಮೆರಾ ತೆರೆದು, ರಿಮೋಟ್‌ನ ಮೂತಿಯನ್ನು ಅದರತ್ತ ಹಿಡಿದು ಬಟನ್ ಒತ್ತಿ. ಪರದೆಯ ಮೇಲೆ ಸಣ್ಣ ಬೆಳಕು ಮಿನುಗಿದರೆ ರಿಮೋಟ್ ಸರಿ ಇದೆ. ಕೆಲವು ಫೋನ್‌ಗಳಲ್ಲಿ ಹಿಂದಿನ ಕ್ಯಾಮೆರಾದಲ್ಲಿ ಕಾಣುವುದಿಲ್ಲ, ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ.

ಆಮೇಲೆ ಟೈಮರ್ ಆನ್ ಆಗಿದೆಯಾ ನೋಡಿ. ವೋಲ್ಟೇಜ್ ಏರಿಳಿತ ಸರಿಪಡಿಸುವ ಸ್ಟೆಬಿಲೈಸರ್ ಇದ್ದರೆ ಅದು ಕರೆಂಟು ಬಿಡಲು ಮೂರು ನಾಲ್ಕು ನಿಮಿಷ ತೆಗೆದುಕೊಳ್ಳಬಹುದು. ಎಸಿ ಕೂಡ ಆಫ್ ಆದ ತಕ್ಷಣ ಮತ್ತೆ ಹಾಕಿದರೆ ಸುಮಾರು ಮೂರು ನಿಮಿಷ ಕಂಪ್ರೆಸರನ್ನು ಎಬ್ಬಿಸುವುದಿಲ್ಲ. ಪೈಪಿನೊಳಗಿನ ಒತ್ತಡ ಎರಡೂ ಕಡೆ ಸಮ ಆಗಲಿ ಎಂದು ಹಾಗೆ ಮಾಡಿರುತ್ತಾರೆ. ಈ ಮೂರು ನಿಮಿಷ ಕಾಯದೆ ಬಟನ್ ಮೇಲೆ ಬಟನ್ ಒತ್ತಿ "ಕೆಟ್ಟಿದೆ" ಎಂದು ಫೋನ್ ಮಾಡುವವರು ಜಾಸ್ತಿ. ನಾನೂ ಮಾಡಿದ್ದೇನೆ.

ಇದೆಲ್ಲ ಸರಿ ಇದ್ದೂ ಸತ್ತ ಹಾಗೆ ಇದ್ದರೆ ಪ್ಲಗ್ ಪಾಯಿಂಟ್ ನೋಡಿ. ಬಿಳಿ ಪ್ಲೇಟ್ ಹಳದಿಯಾಗಿದೆಯಾ, ತೂತಿನ ಸುತ್ತ ಕಪ್ಪು ಕಟ್ಟಿದೆಯಾ? ಕಪ್ಪು ಕಟ್ಟಿದ್ದರೆ ಮುಟ್ಟಬೇಡಿ. ಎಂಸಿಬಿ ಇಳಿಸಿ ಎಲೆಕ್ಟ್ರಿಷಿಯನ್‌ಗೆ ಹೇಳಿ. ಇಲ್ಲಿ ಎಸಿ ಮೆಕ್ಯಾನಿಕ್ ಬೇಕಾಗಿಲ್ಲ.

ಗಾಳಿ ಬರುತ್ತದೆ, ತಂಪಿಲ್ಲ

ಮೋಡ್ "ಕೂಲ್"ನಲ್ಲಿದೆಯಾ? ಬರೀ ಫ್ಯಾನ್ ಮೋಡ್‌ನಲ್ಲಿ ಇಟ್ಟು ಒದ್ದಾಡುವುದು ಮಾಮೂಲು. ಅದು ಸರಿ ಇದ್ದರೆ ಫಿಲ್ಟರ್ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಆ ಕಡೆಯಿಂದ ಕಾಣದಿದ್ದರೆ ಗಾಳಿಯೂ ಹೋಗುತ್ತಿಲ್ಲ ಎಂದೇ ಅರ್ಥ. ನಲ್ಲಿ ನೀರಲ್ಲಿ ಹಿಂಬದಿಯಿಂದ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ದಿನಾ ಓಡುವ ಎಸಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಇದು ಬೇಕು. ಗಾರೆ ಉದುರುವ, ಸುಣ್ಣ ಪುಡಿಯಾಗುವ ಹಳೇ ಗೋಡೆ ಇರುವ ಮನೆಯಲ್ಲಿ ಇನ್ನೂ ಬೇಗ ತುಂಬಿಕೊಳ್ಳುತ್ತದೆ.

ಆಮೇಲೆ ಹೊರಗೆ ಹೋಗಿ. ಹೊರಗಿನ ಯೂನಿಟ್ ಸುತ್ತ ಹಳೇ ಸಾಮಾನು, ಎಲೆ, ಬಳ್ಳಿ ತುಂಬಿದರೆ ಅದು ಬಿಸಿಯನ್ನು ಎಲ್ಲಿಗೆ ಬಿಡಬೇಕು? ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಜಾಗ ಬಿಡಿಸಿ, ಎಂಸಿಬಿ ಇಳಿಸಿ, ಪೈಪಿನ ನೀರನ್ನು ಮೆಲ್ಲಗೆ ಬಿಟ್ಟು ಕಾಯಿಲ್ ತೊಳೆಯಿರಿ. ಒತ್ತಡದ ಜೆಟ್ ಬೇಡ, ತೆಳು ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಈಗ ಒಂದು ಅಗ್ಗದ ಥರ್ಮಾಮೀಟರ್ ಸಾಕು. ಎಸಿಯನ್ನು ಅತಿ ಕಡಿಮೆ ತಾಪಮಾನಕ್ಕೆ, ಫ್ಯಾನ್ ಜೋರಿಗೆ ಇಟ್ಟು ಹದಿನೈದು ನಿಮಿಷ ಬಿಡಿ. ಎಸಿ ಮೇಲಿಂದ ಎಳೆದುಕೊಳ್ಳುವ ಗಾಳಿಯ ತಾಪಮಾನ ಬರೆದಿಟ್ಟುಕೊಳ್ಳಿ, ಕೆಳಗೆ ಊದುವ ಗಾಳಿಯದ್ದನ್ನೂ ಬರೆದುಕೊಳ್ಳಿ. ವ್ಯತ್ಯಾಸ 8ರಿಂದ 12 ಡಿಗ್ರಿ ಸೆಲ್ಸಿಯಸ್ ಇದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ, ದೋಷ ರೂಮಿನದು, ಮುಂದಿನ ಭಾಗಕ್ಕೆ ಹೋಗಿ. ಬರೀ 3-4 ಡಿಗ್ರಿ ಇದ್ದರೆ ಯಂತ್ರದ ಕಡೆಯೇ ನೋಡಬೇಕು.

ಹೊರಗಿನ ಯೂನಿಟ್ ಗುಂಯ್ ಎನ್ನುತ್ತದೆ, ಫ್ಯಾನ್ ತಿರುಗುವುದಿಲ್ಲ, ಅಥವಾ ಫ್ಯಾನ್ ತಿರುಗುತ್ತದೆ, ಕಂಪ್ರೆಸರ್ ಗುಂಯ್ ಎಂದು ಕಟಕ್ ಅಂತ ನಿಲ್ಲುತ್ತದೆ ಎಂದಾದರೆ ಕೆಪಾಸಿಟರ್ ಮೇಲೆ ಅನುಮಾನ ಪಡಬೇಕು. ಇದು ಸಾಮಾನ್ಯವಾಗಿ ಅಗ್ಗದ ರಿಪೇರಿ. ಆದರೆ ಕೋಲು ಹಾಕಿ ಫ್ಯಾನ್ ತಿರುಗಿಸಲು ಹೋಗಬೇಡಿ. ಆಫ್ ಮಾಡಿ ಮೆಕ್ಯಾನಿಕ್ ಕರೆಸಿ.

ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದೆಯಾ? ಚಾಕುವಿನಿಂದ ಕೆರೆಯಬೇಡಿ, ಪೈಪು ತೂತಾದರೆ ಕಥೆ ಮುಗಿಯಿತು. ಕೂಲ್ ನಿಲ್ಲಿಸಿ ಬರೀ ಫ್ಯಾನ್ ಮೋಡ್‌ನಲ್ಲಿ ಕೆಲವು ಗಂಟೆ ಬಿಡಿ, ಕೆಳಗೆ ಒಂದು ಬಕೆಟ್ ಇಡಿ. ಮಂಜು ಕಟ್ಟಲು ಮುಖ್ಯ ಕಾರಣ ಎರಡು: ಕಾಯಿಲ್ ಮೇಲೆ ಸಾಕಷ್ಟು ಗಾಳಿ ಹಾಯುತ್ತಿಲ್ಲ, ಇಲ್ಲವೇ ಗ್ಯಾಸ್ ಕಡಿಮೆಯಾಗಿದೆ. ಫಿಲ್ಟರ್ ತೊಳೆದ ಮೇಲೂ ಮರುದಿನ ಮತ್ತೆ ಕಟ್ಟಿದರೆ ಎರಡನೆಯದೇ ಇರಬಹುದು.

ಗ್ಯಾಸ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಸಿ ಗ್ಯಾಸ್ ಖರ್ಚಾಗುವ ವಸ್ತು ಅಲ್ಲ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದರ್ಥ. ಪ್ರತಿ ಬೇಸಿಗೆಗೂ "ಗ್ಯಾಸ್ ಟಾಪ್ ಅಪ್" ಮಾಡಿಸುವುದೆಂದರೆ ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಪೈಪಿನ ಜೋಡಣೆಯ ನಟ್ ಸುತ್ತ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಅಂಟಿದ್ದು ಕಂಡರೆ ಸೋರಿಕೆ ಅಲ್ಲೇ ಇರಬಹುದು, ಬಂದವರಿಗೆ ತೋರಿಸಿ. ಸೋರಿಕೆ ಹುಡುಕಿ ಸರಿ ಮಾಡಿ, ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆದು (ವ್ಯಾಕ್ಯೂಮ್), ಯೂನಿಟ್ ಮೇಲೆ ಬರೆದಿರುವ ತೂಕದಷ್ಟೇ ಗ್ಯಾಸ್ ಹಾಕುವವರು ಸರಿಯಾದ ಮೆಕ್ಯಾನಿಕ್.

ಹಳೇ ಎಸಿಯಲ್ಲಿ ಆರ್-22 ಗ್ಯಾಸ್ ಇರಬಹುದು. ಅದು ಓಝೋನ್ ಪದರಕ್ಕೆ ಹಾನಿ ಮಾಡುವಂಥದ್ದು. 1987ರ ಮಾಂಟ್ರಿಯಲ್ ಒಪ್ಪಂದದಡಿ ಜಗತ್ತಿನಾದ್ಯಂತ ಹಂತ ಹಂತವಾಗಿ ಕೈಬಿಡುತ್ತಿದ್ದಾರೆ. ಅದರ ಬದಲು ಆರ್-32 ಅಥವಾ ಆರ್-290 ಹಾಕಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಆರ್-32 ಹೆಚ್ಚು ಒತ್ತಡದಲ್ಲಿ ಓಡುವ ಗ್ಯಾಸ್, ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುತ್ತದೆ ಕೂಡ. ಆರ್-290 ಅಂದರೆ ಪ್ರೊಪೇನ್, ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಅದಕ್ಕೆಂದು ಮಾಡದ ಯಂತ್ರದಲ್ಲಿ ಅವನ್ನು ತುಂಬಿಸುವುದು ಅಪಾಯ.

ತಂಪು ಗಾಳಿ ಬರುತ್ತದೆ, ರೂಮು ಮಾತ್ರ ತಣ್ಣಗಾಗಲ್ಲ

ಥರ್ಮಾಮೀಟರ್ ಪರೀಕ್ಷೆಯಲ್ಲಿ ಎಸಿ ಪಾಸಾಗಿದ್ದರೆ ಅದನ್ನು ಬೈಯುವುದು ಬಿಡಿ. ಸಂಜೆ ಏಳೆಂಟು ಗಂಟೆಗೆ ಸ್ಟೂಲ್ ಹತ್ತಿ ಚಾವಣಿಗೆ ಅಂಗೈ ಇಟ್ಟು ನೋಡಿ. ಬಿಸಿ ತಗುಲಿದರೆ ಕಾರಣ ಸಿಕ್ಕಿತು. ತಾರಸಿ ಹಗಲೆಲ್ಲ ಬಿಸಿಲು ಕುಡಿದು, ಸೂರ್ಯ ಮುಳುಗಿದ ಮೇಲೆ ನಿಧಾನಕ್ಕೆ ಒಳಗೆ ಬಿಡುತ್ತಿರುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಹೊರಗೆ ತಂಪಾದರೂ ಮೇಲಿನ ಮಹಡಿ ರಾತ್ರಿ ಹನ್ನೊಂದಕ್ಕೂ ಕುಲುಮೆ. ತಾರಸಿಗೆ ಬಿಸಿಲು ತಿರುಗಿಸುವ ಬಿಳಿ ಬಣ್ಣ, ನೆರಳು, ಅಥವಾ ಶಾಖ ತಡೆಯುವ ಪದರ, ಇವುಗಳಲ್ಲಿ ಒಂದು ಮಾಡಿದರೂ ಎಸಿಗೆ ಉಸಿರು ಬರುತ್ತದೆ.

ಎತ್ತರವನ್ನೂ ಲೆಕ್ಕ ಹಾಕಿ. ಹಳೇ ಮನೆಗಳ ಚಾವಣಿ 14 ಅಡಿ ಇರುವುದುಂಟು. ಅಂಗಡಿಯಲ್ಲಿ ಕೇಳುವುದು ರೂಮಿನ ಉದ್ದ ಅಗಲ ಮಾತ್ರ. 10 ಅಡಿ ಎತ್ತರದ ರೂಮಿಗೆ ಹೋಲಿಸಿದರೆ ಅದೇ ಉದ್ದಗಲದ 14 ಅಡಿ ರೂಮಿನಲ್ಲಿ ಶೇ 40ರಷ್ಟು ಗಾಳಿ ಜಾಸ್ತಿ ಇದೆ, ಬಿಸಿಲು ಬೀಳುವ ಗೋಡೆಯೂ ಜಾಸ್ತಿ.

ಇನ್ನು ಸಂದುಗಳು. ಊದುಬತ್ತಿ ಹಚ್ಚಿ, ಎಲ್ಲಾ ಫ್ಯಾನು ನಿಲ್ಲಿಸಿ, ಕಿಟಕಿ ಚೌಕಟ್ಟಿನ ಅಂಚಲ್ಲಿ, ಬಾಗಿಲ ಕೆಳಗೆ, ಎಸಿ ಪೈಪು ಗೋಡೆ ದಾಟುವ ತೂತಿನ ಹತ್ತಿರ ನಿಧಾನಕ್ಕೆ ಸರಿಸುತ್ತಾ ಹೋಗಿ. ಪರದೆಗೆ ತಾಗದಂತೆ ಹುಷಾರು. ಹೊಗೆ ನೆಟ್ಟಗೆ ಏಳುವುದು ಬಿಟ್ಟು ಒಂದು ಕಡೆ ಬಾಗಿದರೆ ಅಲ್ಲಿ ಗಾಳಿ ಓಡಾಡುತ್ತಿದೆ. ನನ್ನ ರೂಮಲ್ಲಿ ಹೊಗೆ ಹೆಚ್ಚು ಬಾಗಿದ್ದು ಕಿಟಕಿ ಹತ್ತಿರ ಅಲ್ಲ. ಹಿಂದೆ ಯಾವಾಗಲೋ ವಿಂಡೋ ಎಸಿ ಇದ್ದ ಜಾಗಕ್ಕೆ ಬಡಿದಿದ್ದ ಪ್ಲೈವುಡ್ ಹಲಗೆಯ ಅಂಚಲ್ಲಿ. ಮೇಲೆ ಬಣ್ಣ ಹೊಡೆದಿದ್ದರಿಂದ ಅಲ್ಲಿ ತೂತಿದೆ ಎಂದು ಯಾರಿಗೂ ಗೊತ್ತೇ ಇರಲಿಲ್ಲ.

ಕಿಟಕಿ ಪರದೆ ಒಳಗೆ ಹಾಕುವುದಕ್ಕಿಂತ ಬಿಸಿಲನ್ನು ಹೊರಗೇ ತಡೆಯುವುದು ಲಾಭ. ಗಾಜು ದಾಟಿ ಬಂದ ಬಿಸಿಲು ಒಳಗೆ ಬಂದ ಹಾಗೇ ಲೆಕ್ಕ.

ಸಂದು ಮುಚ್ಚುವವರಿಗೆ ಒಂದು ಎಚ್ಚರಿಕೆ ಇದೆ. ಅದನ್ನು ಹೀಟರ್ ಭಾಗದಲ್ಲಿ ಹೇಳುತ್ತೇನೆ, ದಯವಿಟ್ಟು ಅದನ್ನು ಓದದೆ ಮುಚ್ಚಬೇಡಿ.

ಒಳಗಿನ ಯೂನಿಟ್‌ನಿಂದ ನೀರು ತೊಟ್ಟಿಕ್ಕುತ್ತದೆ

ಹೆಚ್ಚಿನ ಸಲ ಡ್ರೈನ್ ಪೈಪು ಕಟ್ಟಿರುತ್ತದೆ, ಅಷ್ಟೇ. ತಂಪು ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ತಟ್ಟೆಗೆ ಬಿದ್ದು ಪೈಪಿನಲ್ಲಿ ಹೊರಗೆ ಹೋಗಬೇಕು. ಪೈಪಿನೊಳಗೆ ಲೋಳೆ ಬೆಳೆಯುತ್ತದೆ, ಹೊರಗಿನ ತುದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಹೊರ ತುದಿ ನೋಡಿ. ಬಕೆಟ್ ನೀರಲ್ಲಿ ಮುಳುಗಿದ್ದರೆ ಮೇಲೆತ್ತಿ, ನಡುವೆ ಎಲ್ಲೋ ಜೋತು ಬಿದ್ದು ಹೊಟ್ಟೆ ಮಾಡಿಕೊಂಡಿದ್ದರೆ ನೇರ ಮಾಡಿ. ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಹೊರ ತುದಿಗೆ ಬಟ್ಟೆ ಸುತ್ತಿ ಹಿಡಿದು ಒಂದೆರಡು ನಿಮಿಷ ಎಳೆದರೆ ಸಾಕು. ಬಾಯಿಂದ ಊದುವುದು, ಎಳೆಯುವುದು ಬೇಡ.

ಯೂನಿಟ್ ಒಂದು ಕಡೆ ವಾಲಿದೆಯಾ ಎಂದೂ ನೋಡಿ. ಹಳೇ ಗೋಡೆಯಲ್ಲಿ ಸ್ಕ್ರೂ ಸಡಿಲವಾಗಿ ಡ್ರೈನ್ ಇಲ್ಲದ ಕಡೆಗೆ ಎಸಿ ಜಗ್ಗಿದರೆ ಪೈಪು ಎಷ್ಟು ಸ್ವಚ್ಛ ಇದ್ದರೂ ನೀರು ಮುಂದಿನಿಂದಲೇ ಬೀಳುತ್ತದೆ.

ಯೂನಿಟ್ ಕೆಳಗೆ ಒಣಗಿದೆ, ಆದರೆ ಗೋಡೆ ಬಣ್ಣ ಗುಳ್ಳೆ ಎದ್ದು ಉದುರುತ್ತಿದೆ ಎಂದರೆ ಗೋಡೆಯೊಳಗೆ ಹುದುಗಿಸಿದ ಪೈಪು ಸೋರುತ್ತಿರಬಹುದು. ಅದೇ ಗೋಡೆಯಲ್ಲಿ ವೈರಿಂಗ್ ಪೈಪೂ ಇದ್ದರೆ ತಡ ಮಾಡಬೇಡಿ, ಎಸಿ ನಿಲ್ಲಿಸಿ. ಸ್ವಿಚ್ ಬೋರ್ಡಿನಲ್ಲಿ ತೇವ ಕಂಡರೆ ಮೇನ್ ಆಫ್ ಮಾಡಿ.

ಎಂಸಿಬಿ ಬೀಳುತ್ತದೆ, ದೀಪ ಮಂಕಾಗುತ್ತದೆ

ಇಲ್ಲಿ ಗಡಿಯಾರವೇ ಡಾಕ್ಟರು. ಯಾವಾಗ ಬೀಳುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಇದೆ.

ಸ್ವಿಚ್ ಹಾಕಿದ ಕ್ಷಣವೇ ಬಿದ್ದರೆ ಶಾರ್ಟ್ ಸರ್ಕ್ಯೂಟ್ ಇರಬಹುದು. ಮತ್ತೆ ಮತ್ತೆ ಎತ್ತಿ ನೋಡಬೇಡಿ, ಒಂದು ಸಲ ಬಿದ್ದದ್ದೇ ಸಾಕು.

ಒಳಗಿನ ಫ್ಯಾನ್ ಓಡಿ, ಎರಡು ಮೂರು ನಿಮಿಷದ ಮೇಲೆ ಹೊರಗೆ ಕಂಪ್ರೆಸರ್ ಏಳುವ ಹೊತ್ತಿಗೆ ಬಿದ್ದರೆ ಅದು ಏಳುವಾಗ ಎಳೆಯುವ ಕರೆಂಟಿನ ಸಮಸ್ಯೆ. ಇನ್ವರ್ಟರ್ (ಬೇಕಾದಂತೆ ವೇಗ ಏರಿಸಿ ಇಳಿಸಿಕೊಳ್ಳುವ) ಅಲ್ಲದ ಹಳೇ ಕಂಪ್ರೆಸರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಕೆಪಾಸಿಟರ್ ಸೋತಿರಬಹುದು, ಕಂಪ್ರೆಸರ್ ಬಿಗಿಯಾಗಿರಬಹುದು, ಇಲ್ಲವೇ ಎಂಸಿಬಿಯೇ ಬೇರೆ ಜಾತಿಯದಿರಬಹುದು. ಬಿ ಟೈಪ್ ಎಂಸಿಬಿ ತನ್ನ ಅಳತೆಯ 3ರಿಂದ 5 ಪಟ್ಟಿಗೇ ತಟ್ಟನೆ ಬೀಳುತ್ತದೆ, ಸಿ ಟೈಪ್ 5ರಿಂದ 10 ಪಟ್ಟಿನವರೆಗೆ ತಡೆದುಕೊಳ್ಳುತ್ತದೆ. ಎಂಸಿಬಿ ಮುಖದ ಮೇಲೆ ಆಂಪ್ ಸಂಖ್ಯೆಗಿಂತ ಮೊದಲು ಆ ಅಕ್ಷರ ಇರುತ್ತದೆ, ಓದಿ ನೋಡಿ. ಮೋಟಾರು ಇರುವ ಯಂತ್ರಕ್ಕೆ ಸಾಮಾನ್ಯವಾಗಿ ಸಿ ಟೈಪ್ ಹಾಕುತ್ತಾರೆ.

ಹದಿನೈದು ಇಪ್ಪತ್ತು ನಿಮಿಷ ಓಡಿ ಬಿದ್ದರೆ, ನನ್ನ ಕಥೆ. ಎಂಸಿಬಿಯೊಳಗೆ ಬಿಸಿಗೆ ಬಾಗುವ ಒಂದು ಲೋಹದ ಪಟ್ಟಿ ಇರುತ್ತದೆ. ಕರೆಂಟು ಜಾಸ್ತಿಯಾಗಿ ಬಿಸಿಯಾದರೂ ಬಾಗುತ್ತದೆ, ಪಕ್ಕದ ಸ್ಕ್ರೂ ಸಡಿಲವಾಗಿ ಅಲ್ಲಿ ಬಿಸಿ ಹುಟ್ಟಿದರೂ ಬಾಗುತ್ತದೆ. ಪಟ್ಟಿಗೆ ಬಿಸಿ ಎಲ್ಲಿಂದ ಬಂತು ಎನ್ನುವುದು ಗೊತ್ತಾಗುವುದಿಲ್ಲ.

ಮೊದಲು ಹೊರೆ ಲೆಕ್ಕ ಹಾಕಿ. 230 ವೋಲ್ಟ್‌ನಲ್ಲಿ 2000 ವಾಟ್ ಹೀಟರ್ ಸುಮಾರು 8.7 ಆಂಪ್ ಎಳೆಯುತ್ತದೆ. ಒಂದೂವರೆ ಟನ್ ಎಸಿ ಓಡುವಾಗ ಸುಮಾರು 6ರಿಂದ 8 ಆಂಪ್. ಹಳೇ ಮನೆಯಲ್ಲಿ ಎರಡು ಮೂರು ರೂಮಿನ ಪಾಯಿಂಟುಗಳು ಒಂದೇ ವೈರಿನ ಮೇಲೆ ಇರುವುದುಂಟು. ಆ ರೂಮಲ್ಲಿ ಎಸಿ, ಈ ರೂಮಲ್ಲಿ ಇಸ್ತ್ರಿಪೆಟ್ಟಿಗೆ ಎಂದು ನಮಗೆ ಬೇರೆ ಬೇರೆ ಅನಿಸುತ್ತದೆ, ವೈರಿಗೆ ಎಲ್ಲಾ ಒಂದೇ. ವೈರಿನಲ್ಲಿ ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ ಎನ್ನುವುದು ನೆನಪಿರಲಿ. ಉಳಿದದ್ದೆಲ್ಲ ಆಫ್ ಮಾಡಿ ಎಸಿ ಒಂದನ್ನೇ ಓಡಿಸಿ ನೋಡಿ. ಆಗ ಬೀಳದಿದ್ದರೆ ಹೊರೆಯ ಸಮಸ್ಯೆ, ಎಸಿಗೆ ಮೇನ್ ಬೋರ್ಡಿನಿಂದ ಪ್ರತ್ಯೇಕ ವೈರು ಎಳೆಸಬೇಕು. ತಾಮ್ರದ ವೈರು 2.5 ಚದರ ಮಿಲಿಮೀಟರಿಗಿಂತ ಕಡಿಮೆ ಬೇಡ, ದೂರ ಜಾಸ್ತಿ ಇದ್ದರೆ ಅಥವಾ ಎಸಿ ದೊಡ್ಡದಿದ್ದರೆ 4.

ಆಗಲೂ ಬಿದ್ದರೆ ಸಡಿಲ ಜೋಡಣೆ, ಕೊಳೆ ಕಟ್ಟಿದ ಹೊರಗಿನ ಕಾಯಿಲ್, ಅಥವಾ ಕಂಪ್ರೆಸರ್. ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವ ಸಾಧನ) ಹಾಕಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಕರೆಂಟು ಮಾಮೂಲಿನಷ್ಟೇ ಇದ್ದೂ ಬೀಳುತ್ತಿದ್ದರೆ ಸ್ಕ್ರೂ ಮೇಲೆ ಅಥವಾ ಎಂಸಿಬಿ ಮೇಲೆಯೇ ಅನುಮಾನ.

ಒಂದು ಕೆಲಸ ಮಾತ್ರ ಯಾವತ್ತೂ ಮಾಡಿಸಬೇಡಿ. "16 ಬೀಳ್ತಾ ಇದೆ, 32 ಹಾಕ್ತೀನಿ" ಎನ್ನುವವರು ಸಿಗುತ್ತಾರೆ. ಹಾಕಿದರೆ ಬೀಳುವುದು ನಿಲ್ಲುತ್ತದೆ, ನಿಜ. ಎಂಸಿಬಿ ಇರುವುದು ಎಸಿ ಕಾಯಲು ಅಲ್ಲ, ಗೋಡೆಯೊಳಗಿನ ವೈರು ಕಾಯಲು. ಕಾವಲುಗಾರನನ್ನು ಮಲಗಿಸಿ ಕಳ್ಳತನ ನಿಂತಿತು ಎಂದ ಹಾಗಾಗುತ್ತದೆ.

ಬಿದ್ದದ್ದು ಎಂಸಿಬಿ ಅಲ್ಲ, ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ ಎಂದರೆ ಕರೆಂಟು ಎಲ್ಲೋ ನೆಲಕ್ಕೆ ಸೋರುತ್ತಿದೆ. ಮನೆಗಳಲ್ಲಿ ಇದು ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿಕೆಗೇ ಬೀಳುವಂಥದ್ದು, ಜೀವ ಉಳಿಸುವ ಸಾಧನ. ಅದನ್ನು ಬೈಪಾಸ್ ಮಾಡಿಸಿ ಎಸಿ ಓಡಿಸುವುದೆಂದರೆ ಶಾಕ್ ಹೊಡೆಯಲು ಕಾಯುವುದು.

ದೀಪದ ವಿಷಯ. ಕಂಪ್ರೆಸರ್ ಎದ್ದಾಗ ದೀಪ ಒಂದು ಸಲ ಕಣ್ಣು ಮಿಟುಕಿಸಿದರೆ ತೊಂದರೆ ಇಲ್ಲ. ಓಡುತ್ತಿರುವಷ್ಟು ಹೊತ್ತೂ ಮಂಕಾಗಿಯೇ ಇದ್ದರೆ ವೋಲ್ಟೇಜ್ ಕುಸಿಯುತ್ತಿದೆ. ಪ್ಲಗ್‌ಗೆ ಸಿಕ್ಕಿಸುವ ಸಣ್ಣ ವೋಲ್ಟ್ ಮೀಟರ್ ಸಿಗುತ್ತದೆ, ಪಕ್ಕದ ಪಾಯಿಂಟಿಗೆ ಹಾಕಿ ನೋಡಿ. ಎಸಿ ಹಾಕಿದಾಗ 10-15 ವೋಲ್ಟ್‌ಗಿಂತ ಜಾಸ್ತಿ ಇಳಿದು ಅಲ್ಲೇ ನಿಂತರೆ ವೈರು ಸಣ್ಣದು ಅಥವಾ ಜೋಡಣೆ ಸಡಿಲ. ಇದಕ್ಕೆ ಸ್ಟೆಬಿಲೈಸರ್ ಮದ್ದಲ್ಲ. ಅದು ವೋಲ್ಟೇಜ್ ಏರಿಸಲು ಅದೇ ಸೋತ ವೈರಿನಿಂದ ಇನ್ನೂ ಜಾಸ್ತಿ ಕರೆಂಟು ಎಳೆಯುತ್ತದೆ.

ಮೂರು ಫೇಸ್ ಇರುವ ಮನೆಯಲ್ಲಿ ಕೆಲವು ದೀಪ ಮಂಕಾಗಿ ಕೆಲವು ಕಣ್ಣು ಕುಕ್ಕುವ ಹಾಗೆ ಉರಿದರೆ ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ವೈರು ಬಿಟ್ಟುಕೊಂಡಿರಬಹುದು. ತಕ್ಷಣ ಮೇನ್ ಆಫ್ ಮಾಡಿ. ಟಿವಿ, ಫ್ರಿಜ್ ಎಲ್ಲಾ ಒಟ್ಟಿಗೆ ಸುಡುವುದು ಹೀಗೇ.

ವಾಸನೆ

ಮುಗ್ಗಲು ವಾಸನೆ ಬಂದರೆ ಕಾಯಿಲ್ ಮೇಲೆ, ಒಳಗಿನ ಉರುಳೆ ಫ್ಯಾನಿನಲ್ಲಿ ಬೂಷ್ಟು. ಕಾಯಿಲ್ ತೊಳೆಸಿ, ದಿನಾ ಆಫ್ ಮಾಡುವ ಮುಂಚೆ ಅರ್ಧ ಗಂಟೆ ಬರೀ ಫ್ಯಾನ್ ಓಡಿಸಿ ಒಣಗಿಸಿ. ಚರಂಡಿ ವಾಸನೆ ಬಂದರೆ ಡ್ರೈನ್ ಪೈಪನ್ನು ಬಚ್ಚಲಿನ ಕೊಳಚೆ ಪೈಪಿಗೆ ನೇರ ಸೇರಿಸಿದ್ದಾರಾ ನೋಡಿ. ನಡುವೆ ನೀರು ನಿಲ್ಲುವ ಟ್ರ್ಯಾಪ್ ಇಲ್ಲದಿದ್ದರೆ ಚರಂಡಿಯ ಗಾಳಿ ನಿಮ್ಮ ತಲೆಯ ಮೇಲೇ ಬೀಸುತ್ತದೆ.

ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಹೀಟರ್ ಮೊದಲ ದಿನ ಸ್ವಲ್ಪ ಹೊತ್ತು ಧೂಳು ಸುಟ್ಟ ವಾಸನೆ ಬಿಡುವುದು ಮಾಮೂಲು. ಅರ್ಧ ಗಂಟೆ ಆದರೂ ಹೋಗದಿದ್ದರೆ, ಅಥವಾ ಪ್ಲಾಸ್ಟಿಕ್ ಸುಟ್ಟ ಹಾಗೆ, ಮೀನಿನ ಹಾಗೆ ವಾಸನೆ ಬಂದರೆ ಅದು ವೈರು, ಪ್ಲಗ್ ಬೇಯುತ್ತಿರುವ ವಾಸನೆ. ಎಂಸಿಬಿ ಇಳಿಸಿ. ವಾಸನೆ ಹೋಯಿತು ಎಂದು ಮತ್ತೆ ಹಾಕಬೇಡಿ.

ಗ್ಯಾಸ್ ಹೀಟರ್ ಇರುವ ಕಡೆ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ತೆಗೆಯುವುದೂ ಬೇಡ. ಕೈಗೆ ಸಿಕ್ಕರೆ ಗ್ಯಾಸ್ ಬಂದ್ ಮಾಡಿ, ಕಿಟಕಿ ತೆರೆದು, ಎಲ್ಲರೂ ಹೊರಗೆ ಹೋಗಿ ಅಲ್ಲಿಂದ ಫೋನ್ ಮಾಡಿ.

ಸದ್ದು

ಹಾಕಿದಾಗ, ಆರಿಸಿದಾಗ ಕಟಕಟ ಎನ್ನುವುದು ಪ್ಲಾಸ್ಟಿಕ್ ಹಿಗ್ಗಿ ಕುಗ್ಗುವ ಸದ್ದು, ಬಿಡಿ. ಗೋಡೆಯೇ ಗುನುಗುತ್ತಿದ್ದರೆ ಹೊರಗಿನ ಯೂನಿಟ್‌ನ ಕಬ್ಬಿಣದ ಸ್ಟ್ಯಾಂಡ್ ನೋಡಿ, ರಬ್ಬರ್ ಬುಷ್ ಸವೆದಿರಬಹುದು. ಸ್ಟ್ಯಾಂಡ್ ಹಿಡಿದಿರುವ ಬೋಲ್ಟ್ ಸುತ್ತ ಗಾರೆ ಬಿರುಕು ಬಿಟ್ಟಿದ್ದರೆ ಕೆಳಗೆ ಯಾರೂ ಓಡಾಡದ ಹಾಗೆ ಮಾಡಿ, ಆ ದಿನವೇ ಜನ ಕರೆಸಿ.

ಹೀಟರ್ ಹಾಕಿದರೂ ಚಳಿ

ಕರೆಂಟಿನ ರೂಮ್ ಹೀಟರ್ ಯಾವುದೇ ಆಗಲಿ, ಆಯಿಲ್ ತುಂಬಿದ್ದು, ಫ್ಯಾನ್ ಇರುವುದು, ಕೆಂಪಗೆ ಕಾಯುವ ಕಡ್ಡಿಯದು, ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಬಿಸಿ ಕೊಡುತ್ತದೆ, ಅದಕ್ಕಿಂತ ಜಾಸ್ತಿ ಕೊಡಲಾರದು. ದುಬಾರಿ ಹೀಟರ್ ತಂದರೆ ಜಾಸ್ತಿ ಬಿಸಿ ಬರುತ್ತದೆ ಎನ್ನುವುದು ಸುಳ್ಳು. ಸಂದಿನಿಂದ ಬಿಸಿ ಓಡಿಹೋಗುತ್ತಿದೆಯಾ ಎನ್ನುವುದೇ ಮೊದಲ ಪ್ರಶ್ನೆ, ಊದುಬತ್ತಿ ಪರೀಕ್ಷೆ ಇಲ್ಲೂ ಮಾಡಿ.

ಹೀಟರ್ ಇದ್ದಕ್ಕಿದ್ದ ಹಾಗೆ ಆರಿ, ಸ್ವಲ್ಪ ಹೊತ್ತಿಗೆ ತಾನೇ ಹತ್ತಿಕೊಂಡರೆ ಅದರ ಸುರಕ್ಷತಾ ಕಟ್-ಆಫ್ ಕೆಲಸ ಮಾಡುತ್ತಿದೆ. ಧೂಳು ತುಂಬಿದೆಯಾ, ಗೋಡೆಗೆ ಒತ್ತಿಕೊಂಡಿದೆಯಾ, ಮೇಲೆ ಬಟ್ಟೆ ಒಣಹಾಕಿದ್ದೀರಾ? ಸುತ್ತ ಒಂದು ಮೀಟರ್ ಖಾಲಿ ಬಿಡಿ. ಸಮತಟ್ಟಾಗಿ ನಿಂತಿಲ್ಲದಿದ್ದರೂ ಕೆಲವು ಹೀಟರ್ ಹತ್ತುವುದಿಲ್ಲ, ಬಿದ್ದರೆ ಆರಬೇಕು ಎಂದು ಇಟ್ಟ ಸ್ವಿಚ್ ಅದು. ಎಕ್ಸ್‌ಟೆನ್ಶನ್ ಬೋರ್ಡಿಗೆ ಹೀಟರ್ ಸಿಕ್ಕಿಸುವುದು ಬೇಡವೇ ಬೇಡ.

ಬಿಸಿ ತಂಪು ಎರಡೂ ಕೊಡುವ ಎಸಿ ಇದ್ದರೆ ಅದನ್ನೇ ಬಳಸಿ, ಹದವಾದ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಬಿಸಿ ಸಿಗುತ್ತದೆ, ಯಾಕೆಂದರೆ ಅದು ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನಿಂದ ಹೊತ್ತು ತರುತ್ತದೆ. ಕೊರೆಯುವ ಚಳಿಯಲ್ಲಿ ಅದು ಆಗಾಗ ಐದು ಹತ್ತು ನಿಮಿಷ ಬಿಸಿ ನಿಲ್ಲಿಸಿ, ಹೊರಗಿನ ಯೂನಿಟ್‌ನಿಂದ ಹಬೆ ಬಿಟ್ಟರೆ ಗಾಬರಿ ಬೇಡ. ಹೊರಗೆ ಕಟ್ಟಿದ ಹಿಮ ಕರಗಿಸಿಕೊಳ್ಳುತ್ತಿದೆ.

ಬಿಸಿನೀರು ಸುತ್ತುವ ರೇಡಿಯೇಟರ್ ಇರುವವರು ಕೈ ಇಟ್ಟು ನೋಡಿ. ಮೇಲೆ ತಣ್ಣಗೆ, ಕೆಳಗೆ ಬಿಸಿ ಎಂದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ತಣಿದ ಮೇಲೆ, ಕೀಲಿಯಿಂದ ತುದಿಯ ತಿರುಪು ಸ್ವಲ್ಪವೇ ಸಡಿಲಿಸಿ, ಬುಸ್ ಎನ್ನುವುದು ನಿಂತು ನೀರು ಬಂದಾಗ ಮುಚ್ಚಿ. ಕೆಳಗೆ ತಣ್ಣಗಿದ್ದರೆ ಕೆಸರು ತುಂಬಿದೆ, ಅದು ಕೈಕೆಲಸ ಗೊತ್ತಿದ್ದವರಿಗೆ ಬಿಡಿ.

ಈಗ ಆ ಎಚ್ಚರಿಕೆ. ಗ್ಯಾಸ್, ಸೀಮೆಎಣ್ಣೆ, ಇದ್ದಿಲು, ಸೌದೆ, ಏನೇ ಉರಿಸಿದರೂ ಗಾಳಿ ಬೇಕು. ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಳೇ ಮನೆಯ ಸಂದುಗಳು ಇಷ್ಟು ವರ್ಷ ಬಿಸಿಯನ್ನು ಕದಿಯುತ್ತಿದ್ದವು ನಿಜ, ಉಸಿರಾಡಲು ಗಾಳಿಯನ್ನೂ ಅವೇ ಕೊಡುತ್ತಿದ್ದವು. ಉರಿಯುವ ಹೀಟರ್ ಇಟ್ಟುಕೊಂಡು ಸಂದು ಮುಚ್ಚಿದರೆ ಮುಂಚೆ ನಡೆಯುತ್ತಿದ್ದದ್ದು ಈಗ ಪ್ರಾಣ ತೆಗೆಯಬಹುದು. ನೀಲಿ ಇರಬೇಕಾದ ಗ್ಯಾಸ್ ಉರಿ ಹಳದಿಯಾಗಿದೆ, ಸುತ್ತ ಮಸಿ ಹಿಡಿದಿದೆ, ಕಿಟಕಿ ಗಾಜು ಬೆವರುತ್ತಿದೆ, ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಹೊರಗೆ ಹೋದರೆ ಕಡಿಮೆ ಎಂದರೆ ತಡ ಮಾಡಬೇಡಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಆಸ್ಪತ್ರೆಗೆ ತೋರಿಸಿ. ಇದ್ದಿಲ ಕೆಂಡವನ್ನು ಮುಚ್ಚಿದ ರೂಮಿಗೆ ತರಲೇಬೇಡಿ. ಮಲಗುವ ಜಾಗದ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ, ಅದರ ಮೇಲಿನ ಅವಧಿ ಮುಗಿಯುವ ದಿನಾಂಕವನ್ನೂ ನೋಡಿ.

ಹೊಸದು ಹಾಕಿಸಲೇಬೇಕು ಎಂದಾದರೆ

ಖರ್ಚು ಮಾಡುವುದಿದ್ದರೆ ಮೊದಲು ವೈರಿಂಗ್ ಮತ್ತು ಅರ್ಥಿಂಗ್, ಆಮೇಲೆ ಚಾವಣಿ, ಆಮೇಲೆ ಸಂದು, ಕೊನೆಗೆ ಯಂತ್ರ. ಈ ಕ್ರಮದಲ್ಲಿ ಹೋದರೆ ಕೊನೆಯಲ್ಲಿ ಬೇಕಾಗುವ ಎಸಿ ಸಣ್ಣದೇ ಸಾಕಾಗಬಹುದು. ಉಲ್ಟಾ ಹೋದವರು ಎರಡು ಟನ್ ತಂದು, ಆಮೇಲೆ ಚಾವಣಿ ಸರಿ ಮಾಡಿಸಿ, ರೂಮು ತಣ್ಣಗಿದ್ದರೂ ಮೈ ಅಂಟಂಟು ಎಂದು ಗೊಣಗುತ್ತಾರೆ. ಅಳತೆ ಮೀರಿದ ಎಸಿ ಐದೇ ನಿಮಿಷದಲ್ಲಿ ತಂಪು ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವ ತೆಗೆಯಲು ಅದಕ್ಕೆ ಹೊತ್ತೇ ಸಿಗುವುದಿಲ್ಲ. ಅಂದಹಾಗೆ, ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಮೊದಲ ಆಧುನಿಕ ಹವಾನಿಯಂತ್ರಣ ವ್ಯವಸ್ಥೆ ರೂಪಿಸಿದ್ದೇ ತೇವ ತೆಗೆಯಲು. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಅಚ್ಚಿನ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲವಂತೆ.

ಗೋಡೆ ಕೊರೆಯುವ ಮುಂಚೆ ಹಳೇ ಸಿಮೆಂಟ್ ಶೀಟು, ಪೈಪಿನ ಸುತ್ತ ಬಿಳಿ ನಾರಿನ ಹೊದಿಕೆ ಇದೆಯಾ ನೋಡಿ. ಅದು ಆಸ್ಬೆಸ್ಟಾಸ್ ಇರಬಹುದು. ಕೊರೆಯುವುದು, ಮುರಿಯುವುದು, ಒಣ ಪೊರಕೆಯಲ್ಲಿ ಗುಡಿಸುವುದು ಬೇಡ, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಗೊತ್ತಿರುವವರಿಂದಲೇ ತೆಗೆಸಿ.

ಹಳೇ ತಾಮ್ರದ ಪೈಪಿಗೇ ಹೊಸ ಎಸಿ ಸೇರಿಸುತ್ತೇವೆ ಎಂದರೆ ಒಪ್ಪುವ ಮುಂಚೆ ಕೇಳಿ: ಹಳೇ ಎಣ್ಣೆ ತೊಳೆದು ತೆಗೆಯುತ್ತೀರಾ, ಪೈಪಿನ ದಪ್ಪ ಹೊಸ ಗ್ಯಾಸಿನ ಒತ್ತಡ ತಡೆಯುತ್ತದಾ, ನೈಟ್ರೋಜನ್ ತುಂಬಿಸಿ ಸೋರಿಕೆ ನೋಡುತ್ತೀರಾ? ಉತ್ತರ ತಡವರಿಸಿದರೆ ಹೊಸ ಪೈಪೇ ಹಾಕಿಸಿ.

ಮೆಕ್ಯಾನಿಕ್ ಬಂದಾಗ

"ಕೆಲಸ ಮಾಡ್ತಿಲ್ಲ" ಎಂದಷ್ಟೇ ಹೇಳಿದರೆ ಅವರೂ ಊಹೆಯ ಮೇಲೆ ಹೋಗುತ್ತಾರೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಾಕಿದ ಎಷ್ಟು ನಿಮಿಷಕ್ಕೆ ಏನಾಯಿತು, ಒಳಗೆ ಹೋಗುವ ಮತ್ತು ಹೊರಗೆ ಬರುವ ಗಾಳಿಯ ತಾಪಮಾನ, ವೋಲ್ಟೇಜ್ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು, ಆಗ ಮನೆಯಲ್ಲಿ ಬೇರೆ ಏನೇನು ಓಡುತ್ತಿತ್ತು. ಯೂನಿಟ್ ಪಕ್ಕದ ಲೇಬಲ್‌ನ ಫೋಟೋ ತೆಗೆದಿಡಿ, ಗ್ಯಾಸ್ ಯಾವುದು, ಎಷ್ಟು ತೂಕ ಎಂದು ಅದರಲ್ಲೇ ಇರುತ್ತದೆ. ಬದಲಿಸಿದ ಭಾಗ ಯಾವುದಿದ್ದರೂ ಹಳೆಯದನ್ನು ಕೈಗೆ ಕೊಟ್ಟು ಹೋಗಲು ಹೇಳಿ.